ಕಾನೂನಿನ ನೆರಳಿನಲ್ಲಿ ದಾಂಪತ್ಯ: ಕಪ್ಪು ಅಮೆರಿಕನ್ನರ ಮದುವೆ ಮತ್ತು ಒಂಟಿ ಬದುಕು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 15 ವರ್ಷ ದಾಟಿದ ಕಪ್ಪು ಮಹಿಳೆಯರು ಮತ್ತು ಪುರುಷರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಮ್ಮೆಯೂ ಮದುವೆಯಾದವರಲ್ಲ. ಇಡೀ ದೇಶದ ಜನರನ್ನು ಒಟ್ಟಿಗೆ ತೆಗೆದುಕೊಂಡರೆ ಈ ಪ್ರಮಾಣ ಮೂರನೇ ಒಂದರ ಆಸುಪಾಸಿನಲ್ಲಿದೆ. ವಯಸ್ಸಿನ ಲೆಕ್ಕದಲ್ಲಿ ನೋಡಿದರೆ ಅಂತರ ಇನ್ನೂ ನಿಚ್ಚಳವಾಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ಜನಸಂಖ್ಯಾ ಅಧ್ಯಯನದ ಪ್ರಕಾರ, ನಲವತ್ತರ ಹೊಸ್ತಿಲು ದಾಟುವ ಹೊತ್ತಿಗೆ ಬಿಳಿಯ ಮತ್ತು ಏಷ್ಯನ್ ಮೂಲದ ಮಹಿಳೆಯರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಒಮ್ಮೆಯಾದರೂ ಮದುವೆಯಾಗಿರುತ್ತಾರೆ, ಕಪ್ಪು ಮಹಿಳೆಯರಲ್ಲಿ ಮೂರನೇ ಎರಡರಷ್ಟು ಮಂದಿಯೂ ಆಗಿರುವುದಿಲ್ಲ. ಈ ಅಂಕಿಗಳನ್ನು ಹಿಡಿದು ಕಳೆದ ಅರವತ್ತು ವರ್ಷಗಳಲ್ಲಿ ಅಲ್ಲಿನ ಸರ್ಕಾರಗಳು, ಚರ್ಚುಗಳು, ದೂರದರ್ಶನ ವಾಹಿನಿಗಳು ಮತ್ತು ಸಮಾಜವಿಜ್ಞಾನಿಗಳು ನಡೆಸಿದ ವಾದಗಳಲ್ಲಿ ಹೆಚ್ಚಿನವು ಎರಡೇ ಆರೋಪಗಳ ಸುತ್ತ ಸುತ್ತಿವೆ: ಕಪ್ಪು ಪುರುಷ ಹೊಣೆ ಹೊರಲು ಹಿಂಜರಿಯುತ್ತಾನೆ, ಕಪ್ಪು ಮಹಿಳೆ ಅತಿಯಾಗಿ ಆಯ್ದು ನೋಡುತ್ತಾಳೆ. ಎರಡೂ ಆರೋಪಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ಕಾನೂನು ಮತ್ತು ಕೂಲಿಯ ಚರಿತ್ರೆಯನ್ನು ಇಬ್ಬರು ವ್ಯಕ್ತಿಗಳ ಸ್ವಭಾವದ ಮೇಲೆ ಹೊರಿಸುತ್ತವೆ, ಆದ್ದರಿಂದಲೇ ಅವು ಅನ್ಯಾಯದ ಆರೋಪಗಳು.

ಅಂಕಿಗಳನ್ನು ಬಳಸುವ ಮುನ್ನ ಅವು ಯಾರನ್ನು ಎಣಿಸುತ್ತವೆ ಎಂಬುದನ್ನು ತಿಳಿಯಬೇಕು. ‘ಮದುವೆಯಾಗದವರು’ ಎಂಬ ಅಂಕಣದಲ್ಲಿ ಹದಿನಾರರ ಹುಡುಗಿಯೂ ಇರುತ್ತಾಳೆ, ಒಬ್ಬನೇ ಸಂಗಾತಿಯೊಡನೆ ಇಪ್ಪತ್ತು ವರ್ಷ ಸಂಸಾರ ನಡೆಸಿಯೂ ನೋಂದಣಿ ಮಾಡಿಸದ ಹೆಂಗಸೂ ಇರುತ್ತಾಳೆ. ಸಲಿಂಗ ವಿವಾಹಕ್ಕೆ ಸುಪ್ರೀಂ ಕೋರ್ಟು 2015ರ ಜೂನ್‌ನಲ್ಲಿ ದೇಶದಾದ್ಯಂತ ಮಾನ್ಯತೆ ಕೊಡುವವರೆಗೆ ಅನೇಕ ರಾಜ್ಯಗಳಲ್ಲಿ ಅಂಥ ಜೋಡಿಗಳಿಗೂ ಇದೇ ಅಂಕಣವೇ ಗತಿಯಾಗಿತ್ತು. ವಿಚ್ಛೇದಿತರನ್ನೂ ವಿಧವೆಯರನ್ನೂ ಸೇರಿಸಿಕೊಂಡರೆ ‘ಒಂಟಿ’ಗಳ ಸಂಖ್ಯೆ ಮತ್ತಷ್ಟು ಹಿಗ್ಗುತ್ತದೆ, ಹೀಗೆ ಹಿಗ್ಗಿದ ಸಂಖ್ಯೆಯನ್ನೇ ಎಂದೂ ಮದುವೆಯಾಗದವರ ಸಂಖ್ಯೆಯೆಂಬಂತೆ ತೋರಿಸಿ ಗಾಬರಿ ಹುಟ್ಟಿಸುವ ಕಾರ್ಯಕ್ರಮಗಳು 2010ರ ಸುಮಾರಿಗೆ ಅಮೆರಿಕದ ದೂರದರ್ಶನದಲ್ಲಿ ತುಂಬಿಹೋಗಿದ್ದವು. ಅಂತರ ಇರುವುದು ನಿಜ, ಅದನ್ನು ಊದಿ ತೋರಿಸುವ ಅಗತ್ಯವೇ ಇಲ್ಲ.

ಗುಲಾಮಗಿರಿಯ ಕಾಲದಲ್ಲಿ ಕಪ್ಪು ಜನರ ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ. ಮದುವೆ ಒಂದು ಕರಾರು, ಕರಾರು ಮಾಡಿಕೊಳ್ಳುವ ಹಕ್ಕು ಗುಲಾಮನಿಗಿಲ್ಲ, ಆದ್ದರಿಂದ ಅವನ ಮದುವೆ ಮದುವೆಯೇ ಅಲ್ಲ ಎಂಬುದು ನ್ಯಾಯಾಲಯಗಳ ತರ್ಕವಾಗಿತ್ತು. ಮಗುವಿನ ಸ್ಥಾನಮಾನ ತಾಯಿಯ ಸ್ಥಾನಮಾನವನ್ನೇ ಅನುಸರಿಸುತ್ತದೆ ಎಂದು ವರ್ಜೀನಿಯಾ ವಸಾಹತು 1662ರಲ್ಲಿ ಮಾಡಿದ ಕಾನೂನಿನಿಂದ ತಂದೆ ಯಾರೆಂಬುದು ಕಾನೂನಿನ ಕಣ್ಣಿಗೆ ಬೇಡದ ವಿಷಯವಾಯಿತು. ಒಡೆಯನೇ ತಂದೆಯಾಗಿದ್ದರೂ ಮಗು ಅವನ ಆಸ್ತಿಯಾಗಿಯೇ ಹುಟ್ಟುತ್ತಿತ್ತು. ಆದರೂ ಜನ ಮದುವೆಯಾದರು, ನೆಲದ ಮೇಲಿಟ್ಟ ಪೊರಕೆಯನ್ನು ಜೋಡಿಯಾಗಿ ದಾಟುವುದನ್ನು ಅನೇಕ ಕಡೆ ತಮ್ಮ ವಿವಾಹವಿಧಿಯಾಗಿ ಮಾಡಿಕೊಂಡರು. ಗಂಡ ಒಂದು ತೋಟದಲ್ಲಿ, ಹೆಂಡತಿ ಇನ್ನೊಂದು ತೋಟದಲ್ಲಿ ದುಡಿಯುವ ದಾಂಪತ್ಯಗಳು ಸಾಮಾನ್ಯವಾಗಿದ್ದವು. ಅಂಥ ಗಂಡ ಒಡೆಯನ ಚೀಟಿ ಪಡೆದು ಶನಿವಾರ ರಾತ್ರಿ ಮೈಲಿಗಟ್ಟಲೆ ನಡೆದು ಹೆಂಡತಿ ಮಕ್ಕಳನ್ನು ಕಂಡು ಸೋಮವಾರದ ಕೆಲಸಕ್ಕೆ ಮರಳಬೇಕಿತ್ತು. ಹೊರದೇಶದಿಂದ ಗುಲಾಮರನ್ನು ತರುವುದು 1808ರಲ್ಲಿ ನಿಷೇಧಗೊಂಡ ಮೇಲೆ ಒಳನಾಡಿನ ಮಾರಾಟ ಭರಾಟೆಯಿಂದ ಬೆಳೆಯಿತು, ಅಂತರ್ಯುದ್ಧದ ಹೊತ್ತಿಗೆ ಸುಮಾರು 10 ಲಕ್ಷ ಜನರನ್ನು ಮೇಲಣ ದಕ್ಷಿಣದ ರಾಜ್ಯಗಳಿಂದ ಹತ್ತಿ ಬೆಳೆಯುವ ಕೆಳದಕ್ಷಿಣಕ್ಕೆ ಸಾಗಿಸಲಾಗಿತ್ತು. ಮೇಲಣ ದಕ್ಷಿಣದ ಗುಲಾಮರ ಮೊದಲ ಮದುವೆಗಳಲ್ಲಿ ಸುಮಾರು ಮೂರಕ್ಕೊಂದು ಇಂಥ ಬಲವಂತದ ಅಗಲಿಕೆಯಿಂದ ಮುರಿದಿರಬೇಕೆಂದು ಇತಿಹಾಸಕಾರ ಮೈಕೆಲ್ ಟ್ಯಾಡ್‌ಮನ್ ಅಂದಾಜು ಮಾಡಿದ್ದಾರೆ.

ಇಷ್ಟಾದ ಮೇಲೆ ಬಿಡುಗಡೆ ಹೊಂದಿದ ಜನ ಮದುವೆಯನ್ನೇ ತೊರೆದಿದ್ದರೆ ಆಶ್ಚರ್ಯವಿರಲಿಲ್ಲ. ಅವರು ಅದಕ್ಕೆ ಮುಗಿಬಿದ್ದರು. ನಾರ್ತ್ ಕೆರೊಲಿನಾ ರಾಜ್ಯ 1866ರಲ್ಲಿ ಮಾಡಿದ ಕಾನೂನಿನಂತೆ, ಗುಲಾಮಗಿರಿಯಲ್ಲಿ ಗಂಡಹೆಂಡಿರಾಗಿ ಬಾಳಿದವರು ಕೌಂಟಿಯ ಗುಮಾಸ್ತನ ಮುಂದೆ ಬಂದು ತಾವು ಎಂದಿನಿಂದ ಒಟ್ಟಿಗಿದ್ದೇವೆ ಎಂದು ಹೇಳಿ ಬರೆಸಬೇಕಿತ್ತು. ಆ ದಫ್ತರುಗಳು ಇಂದಿಗೂ ಉಳಿದಿವೆ. ಗಂಡನ ಹೆಸರು, ಹೆಂಡತಿಯ ಹೆಸರು, ಕೂಡಿ ಬಾಳಿದ ಕಾಲ ಎಂಬ ಒಣ ಅಂಕಣಗಳಲ್ಲಿ ಹತ್ತು ವರ್ಷ, ಇಪ್ಪತ್ತು ವರ್ಷ, ಕೆಲವೆಡೆ ಮೂವತ್ತಕ್ಕೂ ಮೀರಿದ ವರ್ಷಗಳು ದಾಖಲಾಗಿವೆ. ಯಾವ ಕಾನೂನೂ ಕಾಪಾಡದ, ಯಾವ ಹೊತ್ತಿನಲ್ಲಾದರೂ ಹರಾಜಿನ ಕಟ್ಟೆಯಲ್ಲಿ ತುಂಡಾಗಬಹುದಾಗಿದ್ದ ಸಂಬಂಧಗಳನ್ನು ಅಷ್ಟು ಕಾಲ ಹಿಡಿದು ಬಾಳಿದ ಜನರ ಬಗ್ಗೆ ಅವರಿಗೆ ದಾಂಪತ್ಯದ ಸಂಸ್ಕೃತಿಯೇ ಇಲ್ಲವೆಂದು ಮುಂದಿನ ಶತಮಾನ ಮಾತಾಡಿತು ಎಂಬುದು ನೋವಿನ ಸಂಗತಿ. ಹರ್ಬರ್ಟ್ ಗಟ್‌ಮನ್ ಎಂಬ ಇತಿಹಾಸಕಾರ 1976ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ಇಂಥ ದಾಖಲೆಗಳನ್ನೇ ಮುಂದಿಟ್ಟು ಆ ಮಾತನ್ನು ಅಲ್ಲಗಳೆದರು. ಮಾರಾಟದಲ್ಲಿ ಕಳೆದುಹೋದ ಸಂಗಾತಿಯನ್ನು, ಮಕ್ಕಳನ್ನು ಹುಡುಕಿಕೊಡಿ ಎಂಬ ಜಾಹೀರಾತುಗಳು ಕಪ್ಪು ಜನರ ಪತ್ರಿಕೆಗಳಲ್ಲಿ ಯುದ್ಧ ಮುಗಿದು ದಶಕಗಳಾದರೂ ನಿಲ್ಲಲಿಲ್ಲ. ಆದರೆ ಕಾನೂನಿನ ಮಾನ್ಯತೆಯ ಜೊತೆಗೆ ಕಾನೂನಿನ ಕೋಳವೂ ಬಂದಿತು: ಮಾರಾಟದಿಂದಾಗಿ ಇಬ್ಬರು ಸಂಗಾತಿಗಳಿದ್ದವರು ಒಬ್ಬರನ್ನು ಆರಿಸಿಕೊಳ್ಳಬೇಕಾಯಿತು, ನಿಯಮದಂತೆ ನಡೆಯದವರನ್ನು ವ್ಯಭಿಚಾರದ ಅಥವಾ ದ್ವಿವಿವಾಹದ ಅಪರಾಧಿಗಳೆಂದು ಶಿಕ್ಷಿಸಲಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಕಪ್ಪು ಮಹಿಳೆಯರು ಬಿಳಿಯ ಮಹಿಳೆಯರಿಗಿಂತ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗುತ್ತಿದ್ದರು ಎಂಬುದನ್ನು ಜನಗಣತಿಯ ದಾಖಲೆಗಳೇ ಹೇಳುತ್ತವೆ. ಇಂದಿನ ಅಂತರ ಪುರಾತನವಾದುದಲ್ಲ, ಅದು ಮುಖ್ಯವಾಗಿ 1960ರ ಈಚೆಗೆ ಬೆಳೆದದ್ದು. ಆ ವರ್ಷ ಕಪ್ಪು ಮಕ್ಕಳಲ್ಲಿ ಮೂರನೇ ಎರಡರಷ್ಟು ಮಕ್ಕಳು ತಂದೆತಾಯಿ ಇಬ್ಬರೊಡನೆ ಬೆಳೆಯುತ್ತಿದ್ದರು. ಈ ಅಂತರಕ್ಕೆ ಮುನ್ಸೂಚನೆಗಳು ಇರಲಿಲ್ಲವೆಂದಲ್ಲ. ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡುಬಾಯ್ಸ್ 1899ರಷ್ಟು ಹಿಂದೆಯೇ, ಫಿಲಡೆಲ್ಫಿಯಾದ ಕಪ್ಪು ಜನರನ್ನು ಮನೆಮನೆ ಸುತ್ತಿ ಅಧ್ಯಯನ ಮಾಡಿ, ನಗರದಲ್ಲಿ ಹೆಂಗಸರಿಗೆ ಮನೆಗೆಲಸ ಸಿಗುವುದರಿಂದಲೂ ಗಂಡಸರಿಗೆ ಕಾರ್ಖಾನೆ ಮತ್ತು ಕುಶಲ ಕಸುಬಿನ ಬಾಗಿಲುಗಳು ಮುಚ್ಚಿರುವುದರಿಂದಲೂ ಹೆಣ್ಣುಗಂಡಿನ ಸಂಖ್ಯೆಯಲ್ಲಿ ಏರುಪೇರಾಗಿದೆಯೆಂದೂ, ಅಲ್ಪ ಸಂಬಳದಿಂದ ಮದುವೆಗಳು ಮುಂದಕ್ಕೆ ಹೋಗುತ್ತಿವೆಯೆಂದೂ ಗುರುತಿಸಿದ್ದರು.

ಅರವತ್ತರ ದಶಕದ ವಾದಕ್ಕೆ ಕಿಡಿ ಹೊತ್ತಿಸಿದ್ದು ಒಂದು ಸರ್ಕಾರಿ ವರದಿ. ಕಾರ್ಮಿಕ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ 1965ರಲ್ಲಿ ಸಿದ್ಧಪಡಿಸಿದ ಈ ವರದಿ, ಕಪ್ಪು ಮಕ್ಕಳಲ್ಲಿ ಸುಮಾರು ಕಾಲು ಭಾಗ ಮದುವೆಯ ಹೊರಗೆ ಹುಟ್ಟುತ್ತಿದ್ದಾರೆಂದು ಎತ್ತಿ ತೋರಿಸಿತು. ಇಂದು ಆ ಪ್ರಮಾಣ ಹತ್ತಕ್ಕೆ ಏಳರ ಸಮೀಪದಲ್ಲಿದೆ. ಗುಲಾಮಗಿರಿ ಮತ್ತು ನಿರುದ್ಯೋಗವನ್ನು ಮೊಯ್ನಿಹನ್ ಕಾರಣಗಳಾಗಿ ಹೆಸರಿಸಿದ್ದು ನಿಜವಾದರೂ, ತಾಯಂದಿರೇ ಯಜಮಾನಿಕೆ ನಡೆಸುವ ಕುಟುಂಬರಚನೆಯೇ ರೋಗದ ಬೇರು ಎಂಬಂತೆ ಬರೆದ ಭಾಗಗಳೇ ಜನರ ನೆನಪಿನಲ್ಲಿ ನಿಂತವು, ರಾಜಕಾರಣಿಗಳಿಗೆ ಬೇಕಾಗಿದ್ದುದೂ ಅವೇ. ಆರು ವರ್ಷಗಳ ಬಳಿಕ ಮನಶ್ಶಾಸ್ತ್ರಜ್ಞ ವಿಲಿಯಂ ರಯಾನ್ ಇದಕ್ಕೆ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದು, ಪೆಟ್ಟು ತಿಂದವರನ್ನೇ ದೂರುವ ಚಿಂತನಾಕ್ರಮವನ್ನು ಬಯಲಿಗೆಳೆದರು.

ಕುಟುಂಬ ಒಡೆಯುತ್ತಿದೆಯೆಂದು ಮರುಗಿದ ಸರ್ಕಾರವೇ ಗಂಡಸನ್ನು ಮನೆಯಿಂದ ಹೊರಗಿಡುವ ನಿಯಮಗಳನ್ನೂ ನಡೆಸುತ್ತಿತ್ತು. ಬಡಮಕ್ಕಳಿರುವ ಮನೆಗಳಿಗೆ ನಗದು ನೆರವು ನೀಡುವ ಕೇಂದ್ರ ಯೋಜನೆಯಡಿ, ತಾಯಿಯ ಮನೆಗೆ ಗಂಡಸೊಬ್ಬ ಬಂದುಹೋಗುತ್ತಿದ್ದರೆ ಅವನನ್ನೇ ‘ಬದಲಿ ತಂದೆ’ಯೆಂದು ಎಣಿಸಿ ನೆರವನ್ನು ಕಿತ್ತುಕೊಳ್ಳುವ ನಿಯಮವನ್ನು ಅಲಬಾಮಾ ರಾಜ್ಯ 1964ರಲ್ಲಿ ಜಾರಿಗೆ ತಂದಿತು. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ ಶ್ರೀಮತಿ ಸ್ಮಿತ್, ಸೆಲ್ಮಾ ಪಟ್ಟಣವಿರುವ ಡಲ್ಲಾಸ್ ಕೌಂಟಿಯವರು. ಗಂಡ ಸತ್ತಿದ್ದ, ನಾಲ್ಕು ಮಕ್ಕಳಿದ್ದ ಆಕೆ ಬೆಳಗಿನ ಜಾವ ಮೂರೂವರೆಯಿಂದ ಮಧ್ಯಾಹ್ನ ಹನ್ನೆರಡರವರೆಗೆ ಅಡುಗೆ ಮಾಡಿ, ಊಟ ಬಡಿಸಿ ವಾರಕ್ಕೆ 16ರಿಂದ 20 ಡಾಲರ್ ಗಳಿಸುತ್ತಿದ್ದರು. ವಾರಾಂತ್ಯದಲ್ಲಿ ಆಕೆಯನ್ನು ಕಾಣಲು ಬರುತ್ತಿದ್ದ ವ್ಯಕ್ತಿಗೆ ಬೇರೆಡೆ ತನ್ನದೇ ಹೆಂಡತಿ ಮತ್ತು ಒಂಬತ್ತು ಮಕ್ಕಳಿದ್ದು, ಸ್ಮಿತ್ ಅವರ ಮಕ್ಕಳನ್ನು ಸಾಕುವ ಹೊಣೆಯಾಗಲಿ ಶಕ್ತಿಯಾಗಲಿ ಅವನಿಗಿರಲಿಲ್ಲ. ಆದರೂ ಅವನ ಭೇಟಿಯ ಕಾರಣಕ್ಕೆ ಮಕ್ಕಳ ನೆರವು 1966ರಲ್ಲಿ ನಿಂತಿತು. ಎರಡೂವರೆ ವರ್ಷಗಳಲ್ಲಿ ರಾಜ್ಯದ ನೆರವಿನ ಪಟ್ಟಿಯಿಂದ ಸುಮಾರು 16,000 ಮಕ್ಕಳು ಕಡಿಮೆಯಾದರೆಂದು 1968ರ ತೀರ್ಪಿನಲ್ಲಿ ದಾಖಲಾಗಿದೆ, ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ನಿಯಮವನ್ನು ರದ್ದುಪಡಿಸಿತು. ಹೆಣ್ಣೊಬ್ಬಳ ಮನೆಗೆ ಯಾರು ಬರುತ್ತಾರೆಂದು ಸರ್ಕಾರಿ ನೌಕರರು ಪತ್ತೆದಾರಿಕೆ ಮಾಡುವ ಸ್ಥಿತಿಯಲ್ಲಿ, ಸಂಗಾತಿಯನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದೆಂದರೆ ಮಕ್ಕಳ ಅನ್ನವನ್ನು ಪಣಕ್ಕಿಟ್ಟಂತೆಯೇ ಆಗಿತ್ತು. ಆದಾಯವಿರುವ ಇಬ್ಬರು ಮದುವೆಯಾದರೆ ನೆರವು ಇಳಿಯುವ ಏರ್ಪಾಡು ಬೇರೆ ಬೇರೆ ರೂಪದಲ್ಲಿ ಇಂದಿಗೂ ಉಳಿದಿದೆ.

ಇದೇ ಕಾಲದಲ್ಲಿ ಕೂಲಿಯ ನೆಲ ಕುಸಿಯತೊಡಗಿತ್ತು. ದಕ್ಷಿಣದ ಹೊಲಗಳನ್ನು ಬಿಟ್ಟು ಉತ್ತರದ ನಗರಗಳಿಗೆ ವಲಸೆ ಬಂದ ಲಕ್ಷಾಂತರ ಕುಟುಂಬಗಳು ಕಾರ್ಖಾನೆಯ ಸಂಬಳವನ್ನು ನಂಬಿದ್ದವು, ಆದರೆ ಡೆಟ್ರಾಯಿಟ್ ಒಂದೇ ನಗರ 1947ರಿಂದ 1963ರ ನಡುವೆ 1,34,000 ಕಾರ್ಖಾನೆ ಉದ್ಯೋಗಗಳನ್ನು ಕಳೆದುಕೊಂಡಿತು. ಕೊನೆಗೆ ಸೇರಿದ್ದ ಕಪ್ಪು ಕಾರ್ಮಿಕರೇ ಮೊದಲು ಕೆಲಸ ಕಳೆದುಕೊಂಡರು. ಷಿಕಾಗೋದ ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ 1987ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇದನ್ನು ಅಳೆಯಲು ಸರಳವಾದ ಒಂದು ಸೂಚ್ಯಂಕವನ್ನು ಬಳಸಿದರು: ಒಂದೇ ವಯೋಮಾನದ ಪ್ರತಿ 100 ಕಪ್ಪು ಮಹಿಳೆಯರಿಗೆ ಉದ್ಯೋಗದಲ್ಲಿರುವ ಕಪ್ಪು ಪುರುಷರು ಎಷ್ಟು ಎಂಬುದೇ ಆ ಲೆಕ್ಕ. ಈ ಸಂಖ್ಯೆ ಇಳಿದಂತೆಲ್ಲ ಮದುವೆಗಳೂ ಇಳಿದವೆಂದು ಅವರು ತೋರಿಸಿದರು.

ಅದರ ಬೆನ್ನಿಗೇ ಸೆರೆಮನೆ ಬಂದಿತು. ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ಸೆರೆಮನೆಗಳಲ್ಲಿ ಮೂರು ಲಕ್ಷ ಚಿಲ್ಲರೆ ಜನರಿದ್ದರೆ 2008ರ ಹೊತ್ತಿಗೆ ಆ ಸಂಖ್ಯೆ ಸುಮಾರು 23 ಲಕ್ಷಕ್ಕೆ ಏರಿತ್ತು. ಬಡ ಕಪ್ಪು ಬಡಾವಣೆಗಳಲ್ಲಿ ಮಾರಾಟವಾಗುತ್ತಿದ್ದ ಕ್ರ್ಯಾಕ್ ಎಂಬ ಮಾದಕ ವಸ್ತುವಿಗೂ ಅದರದೇ ಮೂಲದ ಪುಡಿ ಕೊಕೇನ್‌ಗೂ 1986ರ ಕಾನೂನು 1ಕ್ಕೆ 100ರ ವ್ಯತ್ಯಾಸವಿಟ್ಟಿತು. ಐದು ಗ್ರಾಂ ಕ್ರ್ಯಾಕ್‌ಗೆ ಸಿಗುವ ಕನಿಷ್ಠ ಶಿಕ್ಷೆ ಪುಡಿಯ ರೂಪದಲ್ಲಿ ಐನೂರು ಗ್ರಾಂ ಇದ್ದರೆ ಮಾತ್ರ ಸಿಗುತ್ತಿತ್ತು. 2010ರಲ್ಲಿ ಈ ವ್ಯತ್ಯಾಸವನ್ನು 18ಕ್ಕೆ ಇಳಿಸಲಾಯಿತು, ಅಷ್ಟರಲ್ಲಿ ಒಂದು ತಲೆಮಾರು ಒಳಗೆ ಕಳೆದಾಗಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2015ರಲ್ಲಿ ಜನಗಣತಿಯ ಅಂಕಿಗಳನ್ನು ವಿಶ್ಲೇಷಿಸಿ, 25ರಿಂದ 54 ವಯಸ್ಸಿನವರಲ್ಲಿ ಸೆರೆಯ ಹೊರಗಿರುವ ಪ್ರತಿ 100 ಕಪ್ಪು ಮಹಿಳೆಯರಿಗೆ ಹೊರಗಿರುವ ಕಪ್ಪು ಪುರುಷರು 83 ಮಾತ್ರ ಎಂದು ತೋರಿಸಿತು, ಬಿಳಿಯರಲ್ಲಿ ಇದು 99. ದಿನನಿತ್ಯದ ಬದುಕಿನಿಂದ ಹೀಗೆ ಕಾಣೆಯಾದ 15 ಲಕ್ಷ ಪುರುಷರಲ್ಲಿ ಸುಮಾರು 6 ಲಕ್ಷ ಮಂದಿಯನ್ನು ಸೆರೆಮನೆ ನುಂಗಿದ್ದರೆ, ಉಳಿದವರಲ್ಲಿ ಹೆಚ್ಚಿನವರನ್ನು ಹೃದಯದ ಕಾಯಿಲೆ, ಕೊಲೆ, ಅಪಘಾತಗಳಂಥ ಅಕಾಲ ಮರಣಗಳು ಒಯ್ದಿದ್ದವು. ಮಿಸೌರಿ ರಾಜ್ಯದ ಫರ್ಗುಸನ್ ಪಟ್ಟಣದಲ್ಲಿ ಪ್ರತಿ 100 ಕಪ್ಪು ಮಹಿಳೆಯರಿಗೆ ಹೊರಗಿರುವ ಕಪ್ಪು ಪುರುಷರ ಸಂಖ್ಯೆ 60ಕ್ಕೆ ಕುಸಿದಿತ್ತು.

ಸೆರೆಯಿಂದ ಹೊರಬಂದವನ ಸ್ಥಿತಿಯೂ ಮದುವೆಗೆ ಅನುಕೂಲವಾಗಿಲ್ಲ. ಸಮಾಜಶಾಸ್ತ್ರಜ್ಞೆ ಡೆವಾ ಪೇಜರ್ ಮಿಲ್ವಾಕಿ ನಗರದಲ್ಲಿ ಒಂದೇ ಬಗೆಯ ವಿದ್ಯಾರ್ಹತೆಯ ಯುವಕರನ್ನು ಕೆಲಸ ಕೇಳಲು ಕಳಿಸಿ ನಡೆಸಿದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಪರಾಧದ ದಾಖಲೆಯಿದ್ದ ಬಿಳಿಯರಿಗೆ ಶೇ. 17ರಷ್ಟು ಕಡೆಗಳಿಂದ ಮರುಕರೆ ಬಂದರೆ, ಯಾವ ದಾಖಲೆಯೂ ಇಲ್ಲದ ಕಪ್ಪು ಯುವಕರಿಗೆ ಶೇ. 14ರಷ್ಟು ಕಡೆಗಳಿಂದ ಮಾತ್ರ ಬಂದಿತು. ದಾಖಲೆಯಿದ್ದ ಕಪ್ಪು ಯುವಕರಿಗೆ ಶೇ. 5. ಸೆರೆ ಕಂಡ ಕಪ್ಪು ಪುರುಷನಿಗೆ ಕೆಲಸದ ಬಾಗಿಲು ಬಹುಪಾಲು ಮುಚ್ಚಿದೆಯೆಂದೂ, ಕಾಣದವನಿಗೂ ಅದು ಅರೆಬರೆ ಮಾತ್ರ ತೆರೆದಿದೆಯೆಂದೂ ಈ ಅಂಕಿಗಳು ಹೇಳುತ್ತವೆ.

ಉದ್ಯೋಗ ಮತ್ತು ಸೆರೆಮನೆಗಳಿಂದಲೇ ಎಲ್ಲವನ್ನೂ ವಿವರಿಸಲಾಗದು ಎಂಬುದನ್ನು ಒಪ್ಪಿಕೊಳ್ಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಪದವಿ ಪಡೆದು ಒಳ್ಳೆಯ ಸಂಬಳದಲ್ಲಿರುವ ಕಪ್ಪು ಪುರುಷರೂ ಅದೇ ಅಂತಸ್ತಿನ ಬಿಳಿಯರಿಗಿಂತ ಕಡಿಮೆ ಪ್ರಮಾಣದಲ್ಲಿ ಮದುವೆಯಾಗುತ್ತಾರೆ. ಗಂಡಸರ ಸಂಖ್ಯೆ ಕಡಿಮೆಯಿರುವ ಕಡೆ, ಇರುವ ಗಂಡಸರಿಗೆ ಬದ್ಧರಾಗುವ ಒತ್ತಡವೂ ಕಡಿಮೆಯಾಗುತ್ತದೆ ಎಂಬುದು ಲಿಂಗಾನುಪಾತದ ಬಗ್ಗೆ ಚಿಂತಿಸಿದವರ ವಿವರಣೆ. ಅದರ ಭಾರ ಬೀಳುವುದು ಹೆಣ್ಣಿನ ಮೇಲೆ. ಕಪ್ಪು ವಿದ್ಯಾರ್ಥಿಗಳು ಗಳಿಸುವ ಪದವಿಗಳಲ್ಲಿ ಸುಮಾರು ಮೂರನೇ ಎರಡರಷ್ಟನ್ನು ಮಹಿಳೆಯರೇ ಗಳಿಸುತ್ತಿರುವಾಗ ಸಮಾನ ಓದಿನ ಕಪ್ಪು ಸಂಗಾತಿ ಸಿಗುವ ಸಂಭವ ಲೆಕ್ಕದಲ್ಲೇ ಕಿರಿದಾಗುತ್ತದೆ. ಜನಾಂಗದ ಹೊರಗೆ ಮದುವೆಯಾಗುವುದನ್ನು ನಿಷೇಧಿಸುವ ಕಾನೂನುಗಳನ್ನು ಸುಪ್ರೀಂ ಕೋರ್ಟು 1967ರಲ್ಲಿ ಮಿಲ್ಡ್ರೆಡ್ ಮತ್ತು ರಿಚರ್ಡ್ ಲವಿಂಗ್ ದಂಪತಿಯ ಪ್ರಕರಣದಲ್ಲಿ ತೊಡೆದುಹಾಕಿತಾದರೂ, ಆ ಬಾಗಿಲು ಇಬ್ಬರಿಗೂ ಸಮನಾಗಿ ತೆರೆಯಲಿಲ್ಲ: 2015ರಲ್ಲಿ ಹೊಸದಾಗಿ ಮದುವೆಯಾದ ಕಪ್ಪು ಪುರುಷರಲ್ಲಿ ಶೇ. 24 ಮಂದಿ ಹೊರಗಿನವರನ್ನು ವರಿಸಿದರೆ ಮಹಿಳೆಯರಲ್ಲಿ ಶೇ. 12 ಮಂದಿ ಮಾತ್ರ ವರಿಸಿದರು ಎಂದು ಪ್ಯೂ ಸಂಶೋಧನಾ ಕೇಂದ್ರ ವರದಿ ಮಾಡಿದೆ. ಹೆಣ್ಣಿನ ಚೆಲುವನ್ನು ಬಿಳಿಚರ್ಮದ ಅಳತೆಗೋಲಿನಿಂದಲೇ ಅಳೆಯುವ ಸಮಾಜದಲ್ಲಿ ಕಪ್ಪು ಹೆಣ್ಣಿಗೆ ಆಗುವ ನಷ್ಟ ಇದು. ಅದನ್ನು ಅವಳ ಆಯ್ಕೆಯ ದೋಷವೆಂದು ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ.

ಸಂಸ್ಕೃತಿಯೇ ಕಾರಣವೆನ್ನುವ ವಾದಕ್ಕೆ ಅತ್ಯಂತ ಬಲವಾದ ಉತ್ತರ ಅಮೆರಿಕದ ಸೇನೆಯಲ್ಲಿ ಸಿಕ್ಕಿದೆ. ಸಮಾಜಶಾಸ್ತ್ರಜ್ಞೆ ಜೆನಿಫರ್ ಲುಂಡ್‌ಕ್ವಿಸ್ಟ್ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊರಗಿನ ಸಮಾಜದಲ್ಲಿ ಕಾಣುವ ಕಪ್ಪು-ಬಿಳಿ ವಿವಾಹದ ಅಂತರ ಸೇನೆಯಲ್ಲಿರುವವರಲ್ಲಿ ಕಾಣುವುದಿಲ್ಲ. ಸೈನಿಕನಿಗೆ ತಿಂಗಳು ತಪ್ಪದ ಸಂಬಳವಿದೆ, ಬಣ್ಣ ನೋಡಬಾರದೆಂಬ ನಿಯಮದ ಬಡ್ತಿಯ ಶ್ರೇಣಿಯಿದೆ, ಕುಟುಂಬ ಕಟ್ಟಿಕೊಂಡರೆ ವಸತಿಯೂ ವೈದ್ಯಕೀಯ ಸೌಲಭ್ಯವೂ ಸಿಗುತ್ತದೆ. ಅದೇ ಮನೆಗಳಿಂದ, ಅದೇ ಚರ್ಚುಗಳಿಂದ, ಅದೇ ಶಾಲೆಗಳಿಂದ ಬಂದ ಯುವಕ ಯುವತಿಯರು ಇಷ್ಟು ಆಸರೆ ದೊರೆತ ಕೂಡಲೇ ಉಳಿದವರಂತೆಯೇ ಮದುವೆಯಾಗುತ್ತಾರೆ. ಸರ್ಕಾರವೋ ಈ ಪಾಠವನ್ನು ಬಿಟ್ಟು ಬೋಧನೆಯ ದಾರಿ ಹಿಡಿಯಿತು: ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಕಾಲದಲ್ಲಿ ಮದುವೆಯನ್ನೂ ಹೊಣೆಗಾರ ತಂದೆತನವನ್ನೂ ಉತ್ತೇಜಿಸಲು ವರ್ಷಕ್ಕೆ 15 ಕೋಟಿ ಡಾಲರ್ ಮೀಸಲಿಟ್ಟು, ಅವಿವಾಹಿತ ಜೋಡಿಗಳಿಗೆ ಸಂವಹನ ಕೌಶಲದ ತರಗತಿಗಳನ್ನು ನಡೆಸಲಾಯಿತು, ಎಂಟು ಕಡೆ ನಡೆದ ಒಂದು ದೊಡ್ಡ ಪ್ರಯೋಗದ ಮೌಲ್ಯಮಾಪನದಲ್ಲಿ ಒಟ್ಟಾರೆ ಮದುವೆಗಳು ಹೆಚ್ಚಲಿಲ್ಲ ಎಂದು ಕಂಡುಬಂದಿತು.

ಮದುವೆ ಇಲ್ಲದ ಕಡೆ ಕುಟುಂಬವೇ ಇಲ್ಲವೆಂದು ತಿಳಿಯುವುದು ಇನ್ನೊಂದು ತಪ್ಪು. ಮಾನವಶಾಸ್ತ್ರಜ್ಞೆ ಕ್ಯಾರಲ್ ಸ್ಟ್ಯಾಕ್ ಮಧ್ಯಪಶ್ಚಿಮದ ಒಂದು ಬಡ ಕಪ್ಪು ಬಡಾವಣೆಯಲ್ಲಿ ಇದ್ದು ಬರೆದ 1974ರ ಪುಸ್ತಕದಲ್ಲಿ, ಅಜ್ಜಿ, ಚಿಕ್ಕಮ್ಮ, ಅಕ್ಕತಂಗಿಯರು, ರಕ್ತಸಂಬಂಧವಿಲ್ಲದಿದ್ದರೂ ನಂಟರೆನಿಸಿಕೊಂಡ ಗೆಳತಿಯರು ಅಕ್ಕಿಬೇಳೆಯಿಂದ ಹಿಡಿದು ಮಂಚ ಕುರ್ಚಿ, ಬಾಡಿಗೆ ಹಣ, ಮಕ್ಕಳ ಆರೈಕೆಯವರೆಗೆ ಎಲ್ಲವನ್ನೂ ಕೊಟ್ಟು ಪಡೆದು ಬದುಕುವ ಬಳಗದ ಚಿತ್ರವಿದೆ. ಅಲ್ಲಿನ ಜೋಡಿಯೊಂದಕ್ಕೆ ಬಂಧುವಿನ ಸಾವಿನಿಂದ 1,500 ಡಾಲರ್ ಬಂದಾಗ, ಸ್ವಂತ ಮನೆಯ ಮುಂಗಡಕ್ಕೆಂದು ಎತ್ತಿಡಲು ಯೋಚಿಸಿದ್ದ ಆ ಹಣ, ಮಕ್ಕಳ ಸರ್ಕಾರಿ ನೆರವು ತಕ್ಷಣ ನಿಂತುಹೋದುದರಿಂದಲೂ ನಂಟರ ಬಾಡಿಗೆ, ಶವಸಂಸ್ಕಾರಗಳಂಥ ತುರ್ತುಗಳಿಂದಲೂ ಕೆಲವೇ ವಾರಗಳಲ್ಲಿ ಕರಗಿಹೋಯಿತು. ಬಳಗ ಹಸಿವಿನಿಂದ ಕಾಪಾಡುತ್ತದೆ, ಗಂಟು ಕಟ್ಟಿ ಹೊಸ ಸಂಸಾರ ಹೂಡಲು ಬಿಡುವುದಿಲ್ಲ. ಈ ಇಕ್ಕಟ್ಟನ್ನು ಸ್ಟ್ಯಾಕ್ ಅವರಷ್ಟು ಸಮೀಪದಿಂದ ಕಂಡು ಬರೆದವರು ಕಡಿಮೆ. ತಂದೆಯರ ವಿಷಯದಲ್ಲೂ ರೂಢಿಯ ಮಾತು ಸುಳ್ಳಾಗಿದೆ: ಮಕ್ಕಳೊಡನೆ ವಾಸಿಸುವ ಕಪ್ಪು ತಂದೆಯರು ಮಗುವಿಗೆ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಊಟ ಮಾಡಿಸುವುದು ಮುಂತಾದ ದಿನನಿತ್ಯದ ಕೆಲಸಗಳಲ್ಲಿ ಬಿಳಿಯ ತಂದೆಯರಿಗಿಂತ ಹಿಂದಿಲ್ಲವೆಂದು 2013ರಲ್ಲಿ ಪ್ರಕಟವಾದ ಸರ್ಕಾರಿ ಆರೋಗ್ಯ ಅಂಕಿಅಂಶಗಳೇ ತಿಳಿಸುತ್ತವೆ.

ಈಚಿನ ದಶಕಗಳಲ್ಲಿ ಮತ್ತೊಂದು ಬಗೆಯ ಮನೆ ಬೆಳೆದಿದೆ. ಸಮಾಜಶಾಸ್ತ್ರಜ್ಞೆ ಕ್ರಿಸ್ ಮಾರ್ಷ್, 1997ರ ‘ಲವ್ ಜೋನ್ಸ್’ ಚಲನಚಿತ್ರದ ಹೆಸರನ್ನೇ ಎರವಲು ಪಡೆದು 2023ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಎಂದೂ ಮದುವೆಯಾಗದ, ಮಕ್ಕಳಿಲ್ಲದ, ಒಬ್ಬರೇ ಮನೆ ನಡೆಸುವ ಕಪ್ಪು ಮಧ್ಯಮವರ್ಗದ ಮಹಿಳೆ ಪುರುಷರನ್ನು ಅಧ್ಯಯನ ಮಾಡಿದ್ದಾರೆ. ಅವರ ಸ್ಥಿತಿಯನ್ನು ವೈಯಕ್ತಿಕ ಕೊರತೆಯೆಂದು ನೋಡಬಾರದು, ಜನಾಂಗಭೇದ ಮತ್ತು ಲಿಂಗಭೇದದ ರಚನೆಗಳು ಹಾಗೂ ಸ್ವಂತ ಆಯ್ಕೆ ಎರಡೂ ಅದರಲ್ಲಿ ಹೆಣೆದುಕೊಂಡಿವೆ ಎಂಬುದು ಅವರ ನಿಲುವು, ಅದು ಒಪ್ಪತಕ್ಕ ನಿಲುವು. ಹಾಸ್ಯನಟ ಸ್ಟೀವ್ ಹಾರ್ವಿ 2009ರಲ್ಲಿ ಬರೆದಂಥ, ಗಂಡಸಿನ ಮನಸ್ಸನ್ನು ಅರಿತು ಅವನನ್ನು ಒಲಿಸಿಕೊಳ್ಳುವುದು ಹೇಗೆಂದು ಹೆಣ್ಣಿಗೆ ಹೇಳಿಕೊಡುವ ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾಗುವ ನಾಡಿನಲ್ಲಿ, ಈ ಮಹಿಳೆಯರು ಮನೆ ಕೊಳ್ಳುತ್ತಾರೆ, ವಯಸ್ಸಾದ ತಾಯಿಯನ್ನು ನೋಡಿಕೊಳ್ಳುತ್ತಾರೆ, ತಂಗಿಯ ಮಕ್ಕಳ ಕಾಲೇಜಿನ ಶುಲ್ಕ ಕಟ್ಟುತ್ತಾರೆ, ಚರ್ಚಿನ ಲೆಕ್ಕಪತ್ರ ಬರೆಯುತ್ತಾರೆ, ಕಾಯಿಲೆ ಬಿದ್ದ ಗೆಳತಿಯ ಪಕ್ಕದಲ್ಲಿ ಆಸ್ಪತ್ರೆಯ ರಾತ್ರಿಗಳನ್ನು ಕಳೆಯುತ್ತಾರೆ.

ಕೇಂದ್ರದ ಕಾನೂನು ಈ ಬಾಂಧವ್ಯವನ್ನು ಇನ್ನೂ ಗುರುತಿಸಿಲ್ಲ. 1993ರ ಕೌಟುಂಬಿಕ ರಜೆಯ ಕಾಯಿದೆ ಗಂಡ ಅಥವಾ ಹೆಂಡತಿ, ಮಕ್ಕಳು ಅಥವಾ ತಂದೆತಾಯಿ ಕಾಯಿಲೆ ಬಿದ್ದರೆ 12 ವಾರಗಳ ವೇತನರಹಿತ ರಜೆಯ ಹಕ್ಕು ಕೊಡುತ್ತದೆ, ಅಕ್ಕನಿಗೋ ಗೆಳತಿಗೋ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ನಲವತ್ತು ವರ್ಷ ದುಡಿದು ಸಾಮಾಜಿಕ ಭದ್ರತಾ ನಿಧಿಗೆ ತೆರಿಗೆ ಕಟ್ಟಿದ ಅವಿವಾಹಿತೆ ತೀರಿಕೊಂಡರೆ, ಅವಳ ಗಳಿಕೆಯ ಮೇಲೆ ವಿಧುರನಿಗೋ ಮಕ್ಕಳಿಗೋ ಅವಲಂಬಿತ ತಂದೆತಾಯಿಗೋ ಸಲ್ಲಬಹುದಾಗಿದ್ದ ಮಾಸಾಶನ, ಅವಳೊಡನೆ ಒಂದೇ ಸೂರಿನಡಿ ಬಾಳಿದ ತಂಗಿಗೆ ಸಲ್ಲುವುದಿಲ್ಲ.